ಕಾಗದದಲ್ಲಿ ಬಂದ ಶೇಂಗಾ ಕೋಳಿ

ಕೋಳಿ ಸಾರಿಗೆ ಶೇಂಗಾ ಅರೆದು ಹಾಕುವವಳು ಅಂಕೋಲೆ ಸೀಮೆಯಲ್ಲಿ ಒಬ್ಬಳೇ, ಕೇಣಿ ಊರಿನ ಗಂಗೂ. ಊರವರು ಮೊದಲು ನಕ್ಕರು. ಶೇಂಗಾ ಅಂದರೆ ಚಿಕ್ಕಿಗೆ, ಚಟ್ನಿಗೆ, ಇಲ್ಲವೇ ಬೇಯಿಸಿ ಜಗಲಿಯಲ್ಲಿ ಕೂತು ಸುಲಿದು ತಿನ್ನಲಿಕ್ಕೆ. ಅದನ್ನು ತಂದು ಯಾರಾದರೂ ಕೋಳಿಗೆ ಹಾಕುವುದುಂಟೇ? ಆಮೇಲೆ ತಿಂದರು. ತಿಂದ ಮೇಲೆ ನಗು ನಿಂತಿತು. ಪ್ರತಿ ವರ್ಷ ಗದ್ದೆಯ ಶೇಂಗಾ ಕಿತ್ತು ಮುಗಿದ ಮೇಲೆ, ಕಿತ್ತ ಆಳುಗಳಿಗೆಲ್ಲ ಗಂಗೂನ ಮನೆಯಲ್ಲಿ ಅದೇ ಊಟ. ಊರಲ್ಲಿ ಅದಕ್ಕೆ ಥಾಯ್‌ಲ್ಯಾಂಡ್ ಕೋಳಿ ಎಂದೇ ಹೆಸರು ಬಿತ್ತು. ಗಂಗೂ ಥಾಯ್‌ಲ್ಯಾಂಡ್ ಕಂಡವಳಲ್ಲ. ಕಾರವಾರ ದಾಟಿ ಗೋವೆಯ ಮಂಗೇಶಿ ದೇವಸ್ಥಾನಕ್ಕೆ ಒಮ್ಮೆ ಹೋಗಿ ಬಂದದ್ದೇ ಅವಳ ದೊಡ್ಡ ಪ್ರವಾಸ. ಆ ಅಡುಗೆ ಅವಳಿಗೆ ಬಂದದ್ದು ಟಪಾಲಿನಲ್ಲಿ.

ಗಂಡ ಶಾಂತಾರಾಮ ಹಡಗಿನಲ್ಲಿ ಭಂಡಾರಿ, ಅಂದರೆ ಅಡುಗೆಯವ. ಒಂಬತ್ತು ತಿಂಗಳು ಸಮುದ್ರ, ಮೂರು ತಿಂಗಳು ಮನೆ. ಮದುವೆಯಾದ ಹದಿನೆಂಟನೇ ದಿನಕ್ಕೇ ಮುಂಬಯಿಯ ಬಸ್ಸು ಹತ್ತಿದ ಮಹರಾಯ. ಆಮೇಲೆ ಬಂದದ್ದು ಬರೀ ಕಾಗದ. ಗಂಗೂಗೆ ಓದು ಬರದು, ಅವಳ ಅತ್ತೆಗೂ ಬರದು. ಹಾಗಾಗಿ ಕಾಗದ ಬಂದ ಸಂಜೆ ಶಾಲೆಯ ದೇವಿದಾಸ ಮಾಸ್ತರರು ಜಗಲಿಗೆ ಬಂದು ಕೂತು, ಚಾ ಕುಡಿದು, ಕನ್ನಡಕ ಒರೆಸಿಕೊಂಡು ದೊಡ್ಡ ದನಿಯಲ್ಲಿ ಓದಿ ಹೇಳಬೇಕು. ಕೇಳಲಿಕ್ಕೆ ಅತ್ತೆ, ಮಾವ, ನೆರೆಮನೆಯ ಇಬ್ಬರು, ದಾರಿಯಲ್ಲಿ ಹೋಗುತ್ತಿದ್ದವನೊಬ್ಬ. ಗಂಗೂ ಬಾಗಿಲ ಸಂದಿಯಲ್ಲಿ. ಈ ಸಂತೆಯ ನಡುವೆ ಗಂಡನಾದವನು ಹೆಂಡತಿಗೆ ಎಂಥದ್ದು ಬರೆದಾನು? ನಿನ್ನ ನೆನಪಾಗುತ್ತದೆ ಎಂದು ಬರೆದರೆ ಮಾಸ್ತರರು ಅದನ್ನೂ ಮೂರನೇ ಇಯತ್ತೆಯ ಪಾಠದ ಹಾಗೆ ಓದಿಬಿಡುತ್ತಿದ್ದರು, ಅತ್ತೆ ಎಂಟು ದಿನ ಮುಖ ಊದಿಸಿಕೊಂಡು ತಿರುಗುತ್ತಿದ್ದಳು. ಶಾಂತಾರಾಮ ದಡ್ಡನಲ್ಲ. ಅವನು ಅಡುಗೆ ಬರೆದ.

ಇಂಥ ಬಂದರಿನಲ್ಲಿ ಇಂಥ ಮೀನು ಸಿಕ್ಕಿತು, ಹೀಗೆ ಕೊಯ್ದೆ, ಹೀಗೆ ಹುರಿದೆ. ಇವತ್ತು ಬಿರುಗಾಳಿ, ಸಾರಿನ ಪಾತ್ರೆ ಕೈಯಲ್ಲೇ ಹಿಡಿದುಕೊಂಡು ಬೇಯಿಸಿದೆ. ಹಡಗಿನವನಿಗೆ ಬೇರೆ ಕೆಲಸ ಇಲ್ಲವೇ ಎಂದು ಮಾವ ಗೊಣಗುತ್ತಿದ್ದ. ಗಂಗೂಗೆ ಮಾತ್ರ ತಿಳಿಯುತ್ತಿತ್ತು. ಅತ್ತೆಗೆ ಬೇಕಾದದ್ದು ಮನಿಯಾರ್ಡರಿನ ಸುದ್ದಿ, ಮಾವನಿಗೆ ಬೇಕಾದದ್ದು ಊರಿಗೆ ಬರುವ ತಾರೀಕು. ಒಗ್ಗರಣೆಯ ಸುದ್ದಿ ಆ ಮನೆಯಲ್ಲಿ ಯಾರಿಗಾಗಿ ಬಂತು ಮತ್ತೆ? ಇಪ್ಪತ್ತು ವರ್ಷದ ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕಿವಿಯವರೆಗೂ ಕೆಂಪಾಗುತ್ತಿದ್ದಳು.

ಎಂಬತ್ತನಾಲ್ಕರ ಮಾರ್ಚಿನಲ್ಲಿ ಬ್ಯಾಂಕಾಕಿನ ಬಂದರಿನಿಂದ ಒಂದು ಕಾಗದ ಬಂತು. ಊರಲ್ಲಿ ಈಗ ಶೇಂಗಾ ಕೀಳುತ್ತಿರಬೇಕು ಎಂದು ಸುರುವಾಗಿ, ಇಲ್ಲಿಯವರು ಶೇಂಗಾ ಅರೆದು ಕೋಳಿಗೆ ಹಾಕುತ್ತಾರೆ, ನಾನೂ ಕಲಿತೆ, ನೀನೂ ಒಮ್ಮೆ ಮಾಡಿ ನೋಡು ಎಂದು ಬರೆದಿದ್ದ. ನೀನೂ ಮಾಡಿ ನೋಡು! ಅಷ್ಟು ಕಾಗದಗಳಲ್ಲಿ ಹೆಂಡತಿಗೆಂದೇ ನೇರವಾಗಿ ಬಂದ ಮಾತು ಅದೊಂದೇ. ಅಳತೆ ಮರೆತುಹೋಗುತ್ತದೆ ಎಂಬ ನೆವ ಹೇಳಿ ಗಂಗೂ ಅದನ್ನು ಮಾಸ್ತರರಿಂದ ಮೂರು ಸಲ ಓದಿಸಿದಳು. ಮಾಸ್ತರರು ಓದಿದ್ದು ಹೀಗೆ: ಹುರಿದ ಶೇಂಗಾ ನುಣ್ಣಗೆ ಅರೆಯಬೇಕು, ತೆಂಗಿನ ಹಾಲು, ಬೆಲ್ಲ, ಹುಣಸೆಹುಳಿ, ಒಣಮೆಣಸು, ಕಷಾಯಕ್ಕೆ ಹಾಕುವ ಮಜ್ಜಿಗೆಹುಲ್ಲು, ಕೊನೆಗೆ ಉಪ್ಪು.

ಗಂಗೂ ಯೋಚಿಸಿದಳು. ಬರೀ ಹಾಲಿನಲ್ಲಿ ಬೇಯಿಸಿದ ಕೋಳಿ ಯಾರ ಬಾಯಿಗೆ ಸೇರೀತು? ಗಂಡಸರಿಗೆ ಹೇಳಲಿಕ್ಕೆ ಬರುವುದಿಲ್ಲ, ಏನೋ ಬಿಟ್ಟಿದ್ದಾರೆ ಎಂದು ತಾನೇ ತೀರ್ಮಾನಿಸಿ, ಕಾಯಿತುರಿಯನ್ನು ಕೆಂಪಗೆ ಹುರಿದು, ಕೊತ್ತಂಬರಿ, ಲವಂಗ, ಬೆಳ್ಳುಳ್ಳಿ ಹುರಿದು ಶೇಂಗಾದ ಜೊತೆಗೇ ಅರೆದಳು. ಆ ವರ್ಷ ಶಾಂತಾರಾಮನಿಗೆ ರಜೆ ಸಿಗಲಿಲ್ಲ, ಮರುವರ್ಷ ಬಂದಾಗ ಬಡಿಸಿದಳು. ಅವನು ಬಾಯಿಗಿಟ್ಟುಕೊಂಡು ತಟ್ಟೆಯನ್ನೊಮ್ಮೆ ನೋಡಿದ. ಆಮೇಲೆ ಉಂಡ. ಇನ್ನೊಮ್ಮೆ ಹಾಕಿಸಿಕೊಂಡ.

"ಹೆಂಗಾಗಿದೆ?" ಎಂದು ಕೇಳಿದ್ದಕ್ಕೆ, "ಹ್ಞೂಂ," ಎಂದ.

ಅಷ್ಟೇ. ಆ ಮನುಷ್ಯನ ಬಾಯಲ್ಲಿ ಹೊಗಳಿಕೆ ಬರಬೇಕಾದರೆ ಪಶ್ಚಿಮದಲ್ಲಿ ಸೂರ್ಯ ಹುಟ್ಟಬೇಕು. ಅಲ್ಲಿಂದ ಮುಂದೆ ಅವನು ರಜೆಗೆ ಬಂದಾಗಲೆಲ್ಲ ಶೇಂಗಾ ಕೋಳಿ, ನಿವೃತ್ತನಾಗಿ ಮನೆಯಲ್ಲಿ ಕೂತ ಹದಿನೈದು ವರ್ಷವೂ ಶೇಂಗಾ ಕೋಳಿ. ಇಷ್ಟು ವರ್ಷ ಹಡಗು ತುಂಬ ಬಡಿಸಿದವನು ಮನೆಯಲ್ಲಿ ಒಂದು ದಿನ ಸೌಟು ಮುಟ್ಟಲಿಲ್ಲ. ಹೋದ ಶ್ರಾವಣದಲ್ಲಿ, ಒಂದು ಬೆಳಿಗ್ಗೆ ಚಾ ಕುಡಿದು ಲೋಟ ಕೆಳಗಿಟ್ಟವನು ಹಾಗೇ ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ.

ಗಂಗೂ ಮನೆಯಲ್ಲಿ ಒಂಟಿಯೇನಲ್ಲ. ಮಗ ಭರತ ಅಂಕೋಲೆಯ ಬ್ಯಾಂಕಿನಲ್ಲಿ ಗುಮಾಸ್ತ, ಸೊಸೆ ನಾಗಶ್ರೀ ಅಂಗನವಾಡಿ ಶಿಕ್ಷಕಿ, ಬಾಯಿ ಜೋರು, ಮನಸ್ಸು ಬೆಣ್ಣೆ. ಈ ಫೆಬ್ರವರಿಯಲ್ಲಿ ನಾಗಶ್ರೀ ಮಾವನ ತಗಡಿನ ಪೆಟ್ಟಿಗೆ ತೆಗೆದು, ಅದರಲ್ಲಿದ್ದ ಹಳೆಯ ಕಾಗದಗಳನ್ನು ದಿನಕ್ಕೊಂದರಂತೆ ಮಧ್ಯಾಹ್ನ ಅತ್ತೆಗೆ ಓದಿ ಹೇಳತೊಡಗಿದಳು. ಜಗಲಿಯ ಜನ ಇಲ್ಲದೆ, ಚಾ ಇಲ್ಲದೆ, ಗಂಡನ ಕಾಗದ ಗಂಗೂಗೆ ಮೊದಲ ಸಲ ಒಬ್ಬಳಿಗೇ ಸಿಕ್ಕಿತು. ಹೊಸ ಮದುವಣಗಿತ್ತಿಯ ಹಾಗೆ ಮಧ್ಯಾಹ್ನವಾಗುವುದನ್ನೇ ಕಾಯುತ್ತಿದ್ದಳು. ಹಾಗೆ ಒಂದು ದಿನ ಎಂಬತ್ತನಾಲ್ಕರ ಕಾಗದ ಬಂತು.

ನಾಗಶ್ರೀ ಓದುತ್ತ ಹೋದವಳು ಮೂಗು ಮುರಿದಳು. "ಇದೆಂತ ಅತ್ತೆ? 'ಉಪ್ಪಿನ ಬದಲು, ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಇಳಿಸಿದ ನೀರು ಎರಡು ಚಮಚ ಹಾಕಬೇಕು. ರುಚಿಯೆಲ್ಲ ಅದರಲ್ಲೇ ಇದೆ. ನಮ್ಮ ಕಡೆಯ ಹಾಗೆ ಕಾಯಿ ಹುರಿಯಬೇಡ, ಹುರಿದರೆ ಕೆಟ್ಟಿತು.'"

"ಹಾಗೆ ಇಲ್ಲ ಅದ್ರಲ್ಲಿ," ಎಂದಳು ಗಂಗೂ. "ನಾ ಮೂರು ಸಲ ಕೇಳಿದ್ದೆ."

ಇತ್ತು. ದೇವಿದಾಸ ಮಾಸ್ತರರು ಮೀನಿನ ವಾಸನೆ ಬಂದರೆ ಬೇರೆ ದಾರಿ ಹಿಡಿಯುವ ಮನುಷ್ಯ. ಕೋಳಿಯ ಸುದ್ದಿಯನ್ನೇ ಅವರು ಉಗುಳು ನುಂಗುತ್ತ ಓದಿದ್ದರು. ಕೊಳೆತ ಮೀನಿನ ನೀರಿಗೆ ಬಂದಾಗ ಆ ನಾಲ್ಕು ಸಾಲನ್ನೇ ಹಾರಿಸಿ, ಕೊನೆಗೆ ಉಪ್ಪು ಎಂದು ತಮ್ಮದೇ ಒಂದು ಮಾತು ಸೇರಿಸಿ ಮುಗಿಸಿದ್ದರು. ಮೂರು ಸಲವೂ. ಈಗ ಜಗಳ ಮಾಡೋಣವೆಂದರೆ ಅವರು ಹೋಗಿ ಇಪ್ಪತ್ತು ವರ್ಷವಾಯಿತು.

ನಾಗಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಂಗೂ ನಗಲಿಲ್ಲ.

"ಹಾಗಾರೆ ನಲ್ವತ್ತು ವರ್ಷ ಅವ್ರು ಕೆಟ್ಟದ್ದೇ ಉಂಡ್ರೋ?"

"ಅತ್ತೆ, ಸೇರದಿದ್ರೆ ಎರಡೆರಡು ಸಲ ಹಾಕಿಸ್ಕೊಳ್ತಿದ್ರಾ?"

"ಗಂಜಿನೂ ಎರಡು ಸಲ ಹಾಕಿಸ್ಕೊಳ್ತಿದ್ರು ಅವ್ರು."

ಅಂದಿನಿಂದ ಅದೊಂದು ಮುಳ್ಳು ಎದೆಯಲ್ಲಿ ಕೂತಿತು. ಹುರಿಯಬೇಡ ಎಂದು ಬರೆದ ಮೇಲೂ ಹುರಿದಳಲ್ಲ, ತನ್ನ ಮಾತಿಗೆ ಇವಳ ಹತ್ತಿರ ಮೂರು ಕಾಸಿನ ಬೆಲೆ ಇಲ್ಲ ಎಂದು ಅವನು ಅಂದುಕೊಂಡಿರಬೇಕು. ಅಷ್ಟು ದೂರ ದುಡಿದು ಬಂದವನು, ಹೆಂಡತಿಯ ಮನಸ್ಸು ನೋಯದಿರಲಿ ಎಂದು ಬಾಯಿ ಮುಚ್ಚಿಕೊಂಡು ನುಂಗಿರಬೇಕು. ಪಾಪದ ಊಟ ಹಾಕಿದೆನೇ ನಾನು? ಹೋಗಿ ಕೇಳೋಣವೆಂದರೆ ಯಾರನ್ನು ಕೇಳುವುದು? ಆಗ ದುರ್ಗಪ್ಪನ ನೆನಪಾಯಿತು. ಕಾರವಾರದ ಬೈತಖೋಲದವನು, ಹಡಗಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಶಾಂತಾರಾಮನ ಕೈಕೆಳಗೆ ಕೆಲಸ ಮಾಡಿದವನು. ಶಾಂತಾರಾಮ ಹೋದಾಗ ಹನ್ನೆರಡನೇ ದಿನಕ್ಕೆ ಬಂದು ಮೂಲೆಯಲ್ಲಿ ಕೂತು ಅತ್ತು ಹೋಗಿದ್ದ. ಆ ಅಡುಗೆ ಮೂಲದಲ್ಲಿ ಹೇಗಿತ್ತೆಂದು ಬಲ್ಲವನು ಭೂಮಿಯ ಮೇಲೆ ಉಳಿದಿದ್ದರೆ ಅವನೊಬ್ಬ. ಈ ಸಲದ ಶೇಂಗಾ ಕಿತ್ತು ಒಣಗಿದ ಮೇಲಿನ ಆದಿತ್ಯವಾರಕ್ಕೆ ಊಟಕ್ಕೆ ಬಾ ಎಂದು ಭರತನಿಂದ ಫೋನು ಮಾಡಿಸಿದಳು.

"ಎರಡು ಪಾತ್ರೆ ಮಾಡುವ," ಎಂದಳು ಸೊಸೆಗೆ. "ಒಂದು ನಾ ಮಾಡೂದು. ಒಂದು ಕಾಗದದಲ್ಲಿ ಇದ್ದ ಹಾಗೆ. ಅವ ಉಂಡು ಹೇಳ್ಲಿ."

ಕೊಳೆಸಿದ ಮೀನಿನ ನೀರಿಗೆ ಅಂಕೋಲೆಯ ಮಾರುಕಟ್ಟೆಗೇ ಹೋದಳು. ಉಪ್ಪುಮೀನು ಮಾರುವ ಹೀರಾ ಪೀಪಾಯಿಯ ತಳದಿಂದ ಒಂದು ಬಾಟ್ಲಿ ತುಂಬಿಸುತ್ತ ಕೇಳಿದಳು: "ಗಂಗಕ್ಕ, ಇದು ನಾವು ಗಟಾರಕ್ಕೆ ಚೆಲ್ಲೂದು. ನಿಂಗೆ ಎಂತಕ್ಕೆ, ತೆಂಗಿನ ಬುಡಕ್ಕಾ?"

"ಕೋಳಿ ಬುಡಕ್ಕೆ," ಎಂದು ಗಂಗೂ ಬಾಟ್ಲಿಯನ್ನು ಚೀಲದೊಳಗೆ ತುರುಕಿದಳು.

ಆದಿತ್ಯವಾರ ಮಧ್ಯಾಹ್ನದಿಂದಲೇ ಅಡುಗೆಮನೆ ಎರಡು ಪಾಲಾಯಿತು. ಹೊಸ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಸಿಪ್ಪೆ ಹಾರಿಸುವ ತನಕ ಇಬ್ಬರದೂ ಒಂದೇ ದಾರಿ. ಅಲ್ಲಿಂದ ನಾಗಶ್ರೀ ಕಾಗದವನ್ನು ಡಬ್ಬಿಗೆ ಒರಗಿಸಿಟ್ಟುಕೊಂಡು ಗ್ಯಾಸಿನ ಮುಂದೆ ನಿಂತಳು. ದಪ್ಪ ಹಾಲು ಹಿಂಡಿ, ಮಜ್ಜಿಗೆಹುಲ್ಲು ಜಜ್ಜಿ ಹಾಕಿ, ಮೂಗಿಗೆ ಸೆರಗು ಕಟ್ಟಿಕೊಂಡು ಆ ನೀರನ್ನು ಎರಡು ಚಮಚ ಅಳೆದು ಸುರಿದಳು. ವಾಸನೆ ಪಕ್ಕದ ಮನೆಯ ನಾಯಿಯನ್ನೂ ಎಬ್ಬಿಸಿತು. ಗಂಗೂ ಹೊರಗಿನ ಒಲೆಯಲ್ಲಿ ತನ್ನ ಪಾತ್ರೆ ಇಟ್ಟಳು. ಕಾಯಿ ಹುರಿಯುವಾಗ ಒಮ್ಮೆ ಕೈ ನಿಂತಿತು. ಬೇಡ ಎಂದು ಬರೆದಿದ್ದರಲ್ಲ. ಆದರೂ ಹುರಿದಳು, ಮೊದಲು ಹೇಗೆ ಕೆಂಪಗೆ ಹುರಿಯುತ್ತಿದ್ದಳೋ ಹಾಗೆಯೇ. ಕಲ್ಲಿನಲ್ಲಿ ಅರೆಯುವಾಗ ಶೇಂಗಾ ಎಣ್ಣೆ ಬಿಟ್ಟಿತು, ಆ ಪರಿಮಳಕ್ಕೆ ಎಂಬತ್ತೈದರ ಮಳೆಗಾಲ ಕಣ್ಣಿಗೆ ಕಟ್ಟಿತು: ಹಂಚಿನ ಮೇಲೆ ಮಳೆ, ಮಣೆಯ ಮೇಲೆ ಕೂತ ಶಾಂತಾರಾಮ, ಸಮುದ್ರದ ಬಿಸಿಲಿಗೆ ಕರ್ರಗಾದ ಅವನ ಕೈ. ಆಗ ಅವನ ಮುಖವನ್ನು ಸರಿಯಾಗಿ ನೋಡಬೇಕಿತ್ತು. ಅತ್ತೆ ಎದುರಿಗಿದ್ದಳೆಂದು ತಲೆ ತಗ್ಗಿಸಿಕೊಂಡೇ ಬಡಿಸಿದ್ದಳು.

ಇಳಿಹೊತ್ತಿಗೆ ಭರತ ದುರ್ಗಪ್ಪನನ್ನು ಅಂಕೋಲೆಯ ಬಸ್‌ಸ್ಟ್ಯಾಂಡಿನಿಂದ ಸ್ಕೂಟರಿನಲ್ಲಿ ಕರೆತಂದ. ಎಪ್ಪತ್ತು ದಾಟಿದೆ, ಮೊಣಕಾಲು ನೋವು, ಕುರ್ಚಿಯೇ ಬೇಕು. ದೀಪ ಹಚ್ಚಿದ ಮೇಲೆ ಊಟಕ್ಕೆ ಕೂರಿಸಿ ಅನ್ನದ ಬದಿಗೆ ಎರಡು ಬಟ್ಟಲು ಇಟ್ಟರು. ಯಾವುದು ಯಾರದ್ದೆಂದು ಹೇಳಲಿಲ್ಲ.

ದುರ್ಗಪ್ಪ ಮೊದಲು ನಾಗಶ್ರೀಯ ಬಟ್ಟಲಿಗೆ ಕೈ ಹಾಕಿದ. ಬಾಯಿಗಿಟ್ಟ. ಮುಖ ಅರಳಿತು. "ಬ್ಯಾಂಕಾಕಿನ ಬಂದರಿಂದೇ ಇದು. ಸಮ ಬಂದಿದೆ ನೋಡು. ಆ ಮೀನಿನ ನೀರು ಎಲ್ಲಿ ಸಿಕ್ತು ನಿಮ್ಗೆ?"

ಗಂಗೂ ಅಂದುಕೊಂಡಳು: ಆಯಿತು, ಮುಗಿಯಿತು. ಸರಿಯಾದದ್ದು ಅದೇ, ರುಚಿಯಾದದ್ದೂ ಅದೇ. ಎರಡನೇ ಬಟ್ಟಲು ತೆಗೆದುಬಿಡೋಣ ಎಂದು ಕೈ ಮುಂದೆ ಮಾಡುವಷ್ಟರಲ್ಲಿ ಅವನು ತುತ್ತು ಅದ್ದಿಯಾಗಿತ್ತು.

ಇನ್ನೊಂದು ತುತ್ತು ತಿಂದ. ಕೈ ತಟ್ಟೆಯಲ್ಲೇ ಬಿಟ್ಟು ಗಂಗೂನನ್ನು ನೋಡಿದ.

"ವೈನಿ, ಇದು ಶಾಂತಾರಾಮನ ಕೋಳಿ."

"ಅವ್ರದ್ದಲ್ಲ. ನಂದು. ತಪ್ಪು ಮಾಡಿದ್ದು."

"ಅದೆಲ್ಲ ನಂಗೊತ್ತಿಲ್ಲ. ಇದ್ನ ನಾ ಇಪ್ಪತ್ತು ವರ್ಷ ಉಂಡಿದ್ದೆ."

"ನಮ್ಮನೆಲಿ ನೀವು ಇದ್ನ ಒಂದು ಸಲನೂ ಉಂಡದ್ದಿಲ್ಲ. ಎಲ್ಲಿ ಉಂಡ್ರಿ?"

"ಹಡಗಲ್ಲಿ," ಎಂದ ದುರ್ಗಪ್ಪ. "ಎಂಬತ್ತೈದರಲ್ಲಿ ರಜೆ ಮುಗಿಸಿ ಬಂದವ ಮೊದಲ ದಿವಸವೇ ಆ ಮೀನಿನ ನೀರಿನ ಬಾಟ್ಲಿ ಸಮುದ್ರಕ್ಕೆ ಎಸೆದ. ಕೊಲಂಬೊದಲ್ಲಿ ಒಂದು ಚೀಲ ತೆಂಗಿನಕಾಯಿ ತಗೊಂಡ. ಇನ್ನು ಮುಂದೆ ಕಾಯಿ ಹುರಿದೇ ಶೇಂಗಾ ಹಾಕೂದು ಹೇಳಿ ನಂಗೆ ಕಲಿಸ್ದ. ನಾ ಕೇಳ್ದೆ, ಇದು ಬ್ಯಾಂಕಾಕಿಂದು ಅಲ್ವಲ್ಲ ಶಾಂತಾರಾಮ? ಅಲ್ಲ, ಇದು ಅದ್ಕಿಂತ ಚಲೋ, ಕೇಣಿದು ಅಂದ. ಆದಿತ್ಯವಾರ ಬಂತು ಹೇಳಿದ್ರೆ ಇದೇ. ಪಂಜಾಬಿನ ಕ್ಯಾಪ್ಟನ್ ಒಬ್ಬ ಇದ್ದ, ಎಲ್ಲಿ ಕಲಿತೆ ಇದ್ನ ಅಂತ ಕೇಳಿದ್ರೆ ಶಾಂತಾರಾಮ ಎದೆ ಉಬ್ಬಿಸಿ, ನನ್ನ ಹೆಂಡ್ತಿದು ಸಾಬ್, ಅಂತಿದ್ದ. ಹಡಗಿನವ್ರಿಗೆಲ್ಲ ನಿಮ್ಮ ಹೆಸ್ರು ಗೊತ್ತಿತ್ತು ವೈನಿ."

ಗಂಗೂ ಕೇಳಿದಳು: "ಹಾಗಾರೆ ಅವ್ರೂ ಅಲ್ಲಿ ಇದ್ನೇ ಉಣ್ತಿದ್ರು?"

"ಇಲ್ಲ. ಮೂವತ್ತು ಜನಕ್ಕೆ ಬಡಿಸಿ ತಾನು ಬೇಳೆಸಾರು ಉಣ್ತಿದ್ದ. ನಾ ಮಾಡಿದ್ದು ನಂಗೆ ಬೇಡ, ಅವಳು ಮಾಡಿದ್ನ ಮನೆಗೆ ಹೋಗಿ ಉಣ್ತೆ, ಅಂತಿದ್ದ."

ಭರತ ತಟ್ಟೆ ನೋಡುತ್ತ ಕೂತ.

"ಆ ಮನುಷ್ಯಂಗೆ ಬಾಯಿ ಇರ್ಲಿಲ್ವಾ," ಎಂದಳು ಗಂಗೂ. "ಊರು ಪರದೇಶದವ್ರಿಗೆಲ್ಲ ಹೇಳ್ದ. ಮನೆಲಿ ಒಂದು ಮಾತು ಹೇಳೂಕೆ ಎಂತಾಗಿತ್ತು ಅವ್ನಿಗೆ?"

ಗಂಡನನ್ನು ಏಕವಚನದಲ್ಲಿ ಬೈದದ್ದು ಅದೇ ಮೊದಲು. ಇನ್ನೂ ಬೈದಳು, ಹೆಸರು ಹಿಡಿದು ಬೈದಳು. ಬೈಯುತ್ತ ಬೈಯುತ್ತಲೇ ದನಿ ಒಡೆಯಿತು. ಶ್ರಾವಣದಿಂದ ಯಾರೆದುರೂ ಕಣ್ಣೀರು ಹಾಕದೆ ಗಟ್ಟಿ ಹೆಂಗಸು ಅನ್ನಿಸಿಕೊಂಡಿದ್ದವಳು ಮಗ, ಸೊಸೆ, ಹೊರಗಿನವನೊಬ್ಬನ ಎದುರು ಗಳಗಳನೆ ಅತ್ತಳು. ನಾಗಶ್ರೀ ಹತ್ತಿರ ಬಂದು ಭುಜ ಹಿಡಿದರೆ ಅವಳ ಕೈಯನ್ನೂ ತಳ್ಳಿದಳು, ಆಮೇಲೆ ತಾನೇ ಹಿಡಿದುಕೊಂಡಳು.

ಅಳು ಇಳಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಗಂಡಸರ ಊಟ ಮುಗಿಯುವ ತನಕ ಕಾಯುವುದು ಅವಳ ರೂಢಿ, ಇವತ್ತು ಕಾಯಲಿಲ್ಲ. ಒಂದು ತಟ್ಟೆ ತಂದು, ತನ್ನ ಪಾತ್ರೆಯಿಂದ ಬಡಿಸಿಕೊಂಡು, ದುರ್ಗಪ್ಪನ ಎದುರಿಗೇ ಕೂತಳು.

"ಹೇಳಿ ದುರ್ಗಪ್ಪಣ್ಣ," ಎಂದಳು. "ನನ್ನ ಸುದ್ದಿ ಮತ್ತೆ ಎಂತೆಂತ ಹೇಳ್ತಿದ್ರು ಅಲ್ಲಿ?"