ಹಮೀದ್ ಭಾಯಿಯ ಚೆಕರ್ಸ್ ಪುಸ್ತಕ

"ಇದನ್ನು ಪುಸ್ತಕ ಮಾಡ್ಲಿಕ್ಕೆ ಆಗ್ತದಾ ಸಾರ್?" ಇಲ್ಲಿ ಗಲ್ಫ್‌ನ ಅಲ್ ಮುಂತಜಾ ಬಡಾವಣೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಪುತ್ತೂರಿನ ಹಮೀದ್ ಭಾಯಿ ನನ್ನ ಮುಂದೆ ದಪ್ಪ ನೋಟ್‌ಬುಕ್ ಇಟ್ಟರು. ಪಕ್ಕದಂಗಡಿಯ ಈಜಿಪ್ಟಿನವರ ಜೊತೆ ಚದುರಂಗದಂಥ ಮಣೆಯ ಮೇಲೆ ಇಪ್ಪತ್ತು ವರ್ಷ ಆಡಿದ ಚೆಕರ್ಸ್‌ನ ಒಳ್ಳೊಳ್ಳೆಯ ನಡೆಗಳನ್ನೆಲ್ಲ ಅದರಲ್ಲಿ ಚಿತ್ರಸಮೇತ ಬರೆದಿದ್ದರು.

"ಚೆಕರ್ಸ್‌ಗೆಲ್ಲ ಯಾರು ಪುಸ್ತಕ ಬರೀತಾರೆ ಭಾಯಿ?" ಎಂದು ನಕ್ಕುಬಿಟ್ಟೆ. ಅವರೂ ನಕ್ಕು ಅದನ್ನು ಎತ್ತಿಟ್ಟರು.

ಕಳೆದ ತಿಂಗಳು ಲೈಬ್ರರಿಯಲ್ಲಿ, ನಾನೂರು ವರ್ಷಗಳಿಗೂ ಹಿಂದೆಯೇ ಸ್ಪೇನ್‌ನಲ್ಲಿ ಈ ಆಟದ ಪುಸ್ತಕಗಳು ಅಚ್ಚಾಗಿದ್ದವೆಂದು ಓದಿದೆ. ನೇರ ಅವರ ಅಂಗಡಿಗೆ ಹೋಗಿ ನೋಟ್‌ಬುಕ್ ಕೇಳಿದೆ.

"ಅದು ಖಲಾಸ್ ಸಾರ್. ನೀವು ಹಾಗೆ ಹೇಳಿದ ಮೇಲೆ ಬಿಸಾಡಿಬಿಟ್ಟೆ."

ಮತ್ತೆ ಬರೆಯಿರಿ ಎಂದು ಎರಡು ಹೊಸ ನೋಟ್‌ಬುಕ್ ತಂದುಕೊಟ್ಟೆ. ಅವುಗಳಲ್ಲೀಗ ಅವರು ಗಿರಾಕಿಗಳ ಅಳತೆ ಬರೆದುಕೊಳ್ಳುತ್ತಿದ್ದಾರೆ.