ಅಪ್ಪ ಕಿವಿಗೆ ಹಿಡಿದ ಕಾಯಿ

ಇವತ್ತು ಅರಸೀಕೆರೆ ಸ್ಟೇಷನ್ನಿನಿಂದ ತವರಿಗೆ ಹೊರಟರೆ, ಆಟೊದಲ್ಲಿ ನಮ್ಮಕ್ಕನ ಹೊಸ ಪಾಪ್ ಹಾಡು! ನನಗೋ ಎಲ್ಲಿಂದಲೋ ಕೊಬ್ಬರಿ ವಾಸನೆ ಬಂದಂತಾಯಿತು.

ನಾವು ಚಿಕ್ಕವರಿದ್ದಾಗ ನಮ್ಮನೆ ಅಟ್ಟದ ತುಂಬ ತೆಂಗಿನಕಾಯಿ. ವರ್ಷ ಒಣಗಿದರೆ ಕೊಬ್ಬರಿ. ಅಪ್ಪ ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದ. ಗುಳುಗುಳು ಅಂದರೆ ಇನ್ನೂ ನೀರಿದೆ, ಲೊಡಲೊಡ ಅಂದರೆ ಕೊಬ್ಬರಿಯಾಗಿದೆ. ಅಕ್ಕ ಅದೇ ಒಣಕಾಯಿ ಅಲ್ಲಾಡಿಸಿ ತಾಳ ಹಾಕಿಕೊಂಡು ಹಾಡುತ್ತಿದ್ದಳು.

ಬೇಲೂರಿನ ಮದುವೆಯೊಂದರ ಆರ್ಕೆಸ್ಟ್ರಾದಲ್ಲಿ ಮೊದಲ ಸಲ ಹಾಡಿ ಬಂದವಳು, "ಹೆಂಗಿತ್ತಪ್ಪಾ?" ಅಂದಳು.

"ಇನ್ನೂ ನೀರೈತೆ ಕಣವ್ವ."

ಅಕ್ಕ ಎರಡು ದಿನ ಊಟ ಬಿಟ್ಟಳು. ಮೂರನೇ ದಿನದಿಂದ ಅಟ್ಟದಲ್ಲೇ ಕೂತು ಅಭ್ಯಾಸ ಶುರುಮಾಡಿದಳು. ಕೆಳಗೆ ಅಪ್ಪ ರೇಡಿಯೊ ಆಫ್ ಮಾಡಿ ಅವಳ ಹಾಡನ್ನೇ ಕೇಳುತ್ತಿದ್ದ. ಅವಳು ಹೆಸರು ಮಾಡಿದ ಮೇಲೂ ಹಾಡಿನ ಬಗ್ಗೆ ತುಟಿ ಬಿಚ್ಚಿದವನಲ್ಲ.

ಇವತ್ತು ನಾನು ಮನೆಗೆ ಬಂದವಳೇ ಆಟೊದಲ್ಲಿ ಕೇಳಿದ ಆ ಹಾಡು ಹಾಕಿ ಫೋನ್ ಅಪ್ಪನ ಕೈಗಿಟ್ಟೆ. ಕಣ್ಮುಚ್ಚಿ ಕಿವಿಗೆ ಹಿಡಿದ. ಮುಗಿದ ಮೇಲೆ, ಅಭ್ಯಾಸಬಲ ನೋಡಿ, ಫೋನನ್ನೇ ಒಂದ್ಸಲ ಅಲ್ಲಾಡಿಸಿದ.

"ಒಂದು ಹನೀನೂ ನೀರಿಲ್ಲ. ಅವಳಿಗೆ ಹೇಳು."

"ನೀನೇ ಹೇಳಪ್ಪಾ" ಅಂತ ಅಕ್ಕನಿಗೆ ಫೋನ್ ಮಾಡಿ ಕೊಟ್ಟೆ.

ಅಪ್ಪ ಫೋನನ್ನು ಮತ್ತೆ ಕಿವಿಗೆ ಹಿಡಿದ. ಆಮೇಲೆ ಕೇಳಿದ್ದು ಇಷ್ಟೇ:

"ಊಟ ಮಾಡಿದ್ಯೇನವ್ವ?"