ಕೆಳಬೀದಿಯ ಮಂದಿ

ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಹೂಫ್‌ಡಾರ್ಪ್‌ನಲ್ಲಿ ಸೈರನ್ ಕೂಗುತ್ತದೆ. ಈ ನೆದರ್‌ಲ್ಯಾಂಡ್ಸ್ ದೇಶದ ತುಂಬ ಕೂಗುತ್ತದೆ. ಆಪತ್ತು ಬಂದಾಗ ಯಂತ್ರ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವ ಪರೀಕ್ಷೆ, ಅಷ್ಟೇ. ನಮ್ಮ ಆಫೀಸಿನಲ್ಲಿ ಯಾರೂ ತಲೆ ಎತ್ತುವುದಿಲ್ಲ. ನನ್ನ ಕಣ್ಣು ಮಾತ್ರ ತಾನಾಗಿ ಬಾಗಿಲ ಕೆಳಗಿನ ಸಂದಿಗೆ ಹೋಗುತ್ತದೆ. ಹೋದ ಬೇಸಿಗೆಯಲ್ಲಿ ಧಾರವಾಡದಿಂದ ಬಂದಿದ್ದ ಅವ್ವ ಆ ಸದ್ದನ್ನು ಮೊದಲ ಸಲ ಕೇಳಿದಳು. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ನನಗೆ ಫೋನ್ ಮಾಡಿದಳು. "ಗಿರಿಜಾ, ಎಲ್ಲಿ ಹೋಗ್ಬೇಕು? ಈ ಊರಾಗ ಎತ್ತರದ ಜಾಗಾ ಯಾ ಕಡೆ ಐತಿ?" ದೊಡ್ಡ ಸರೋವರವೊಂದನ್ನು ಬತ್ತಿಸಿ ಮಾಡಿದ ನೆಲ ಇದು, ಎತ್ತರ ಅನ್ನುವುದೇ ಇಲ್ಲ. ಅದು ಬರೀ ಪರೀಕ್ಷೆ ಎಂದು ಹೇಳಿದೆ. ಇಬ್ಬರೂ ಒಂದೇ ಊರನ್ನು ನೆನೆಯುತ್ತಿದ್ದೆವು.

ಅದು ಅಮೆರಿಕದ ಅಯೋವಾದಲ್ಲಿದ್ದ ಪುಟ್ಟ ಊರು. ಅಪ್ಪ ದನದ ಡಾಕ್ಟರ್. ಹಂದಿ, ಹಸುಗಳ ಆ ಸೀಮೆಗೆ ಯಾರೂ ಬರಲೊಪ್ಪದ ಕೆಲಸಕ್ಕೆ ಬಂದವರು. ನನಗಾಗ ಹತ್ತು ವರ್ಷ, ತಮ್ಮ ಬಸು ಇನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಊರಿನ ಹೊರಗೆ ಹಸಿರು ಬೋರ್ಡಿನ ಮೇಲೆ ಊರಿನ ಹೆಸರು, ಅದರ ಕೆಳಗೆ ಜನಸಂಖ್ಯೆ. ಕೆಲವು ನೂರು ಮಂದಿ, ಅಷ್ಟೇ. "ನಾವು ಬಂದ್ವಿ, ಇನ್ನ ಬೋರ್ಡ್ ಬದಲಿ ಮಾಡ್ಬೇಕು ಅವ್ರು" ಎಂದು ಅಪ್ಪ ನಕ್ಕಿದ್ದರು. ರೈಲು ಹಳಿ ದಾಟಿದರೆ ಮೆಕ್ಕೆಜೋಳದ ಉಗ್ರಾಣದ ಗೋಪುರ, ಅದರಾಚೆ ಒಂದೇ ಒಂದು ದೊಡ್ಡ ರಸ್ತೆ. ರಸ್ತೆ ದಿಬ್ಬ ಹತ್ತಿ ಚರ್ಚು ಮತ್ತು ಶಾಲೆಯ ಬಳಿ ಮುಗಿಯುತ್ತಿತ್ತು. ಅದೇ ರಸ್ತೆಯನ್ನು ಹಿಂದಕ್ಕೆ ಇಳಿದು ಬಂದರೆ ನದಿಯ ಮಗ್ಗುಲಿಗೆ ಕೆಳಬೀದಿ. ನದಿಗೂ ಬೀದಿಗೂ ನಡುವೆ ಮಣ್ಣಿನ ಏರಿ. ಕೆಳಬೀದಿಯಲ್ಲಿ ಬಾಡಿಗೆ ಕಡಿಮೆ, ಆದ್ದರಿಂದ ನಮ್ಮಂತೆ ತಡವಾಗಿ ಬಂದವರೇ ಹೆಚ್ಚು. ಮಾಂಸದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮೆಕ್ಸಿಕೋದ ಕುಟುಂಬಗಳಿದ್ದವು, ರೈಲ್ವೆಯಿಂದ ನಿವೃತ್ತನಾದ ಮುದುಕನೊಬ್ಬನಿದ್ದ. ಅಲ್ಲಿಯ ಹಳೇ ಮನೆತನದವಳು ಒಬ್ಬಳೇ, ನಮ್ಮ ಪಕ್ಕದ ಮನೆಯ ವಿಲ್ಮಾ.

ವಿಲ್ಮಾಳ ಅಜ್ಜ ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲಂಡ್‌ನಿಂದ ಬಂದು, ಎತ್ತರದ ನೆಲ ಬಿಟ್ಟು ಬೇಕೆಂದೇ ನದಿಯ ಪಕ್ಕ ಮನೆ ಕಟ್ಟಿದವನಂತೆ. ನೀರಿನ ಜೊತೆ ಬದುಕುವುದು ನಮಗೆ ಗೊತ್ತು ಎಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಅವ್ವನ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಬೇಲಿಯ ಮೇಲಿಂದ ಇಬ್ಬರೂ ಎಷ್ಟೋ ಮಾತಾಡುತ್ತಿದ್ದರು. ವಿಲ್ಮಾ ಸೇಬಿನ ಕಡುಬು ಕೊಟ್ಟರೆ ಅವ್ವ ಶೇಂಗಾ ಹೋಳಿಗೆ ಕೊಡುತ್ತಿದ್ದಳು. ಅವಳ ಮನೆಯೊಳಗೆ ಬೆಣ್ಣೆ, ದಾಲ್ಚಿನ್ನಿ, ಹಳೇ ಉಣ್ಣೆಯ ವಾಸನೆ ಕೂಡಿಕೊಂಡಿರುತ್ತಿತ್ತು.

ಆ ವರ್ಷ ವಸಂತದಲ್ಲಿ ಹಿಮ ಒಮ್ಮೆಲೇ ಕರಗಿತು, ಅದರ ಮೇಲೆ ಮಳೆ ಹಿಡಿಯಿತು. ಗಂಡಸರು ಏರಿಯ ಮೇಲೆ ಮರಳಿನ ಚೀಲ ಒಟ್ಟತೊಡಗಿದರು. ಶನಿವಾರ ಬೆಳಿಗ್ಗೆ ಅಪ್ಪ ನದಿಯಾಚೆಯ ಹಾಲಿನ ಫಾರ್ಮಿಗೆ ಹೊರಟರು, ಹಸುಗಳನ್ನು ಎತ್ತರಕ್ಕೆ ಸಾಗಿಸಲು. ಅವ್ವ ಬೇಡವೆಂದಳು. "ಕಟ್ಟಿ ಹಾಕಿದ ದನಾ ಅವು, ಬಿಟ್ಟು ಹೆಂಗ ಇರ್ಲಿ?" ಎಂದು ಅಪ್ಪ ರಬ್ಬರ್ ಬೂಟು ಹಾಕಿಕೊಂಡು ಹೋದರು. ಮಧ್ಯಾಹ್ನ ಸೇತುವೆ ಮುಚ್ಚಿದ ಸುದ್ದಿ ಬಂತು. ಆಮೇಲೆ ಫೋನೂ ಸತ್ತಿತು. ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ. ಆ ಊರಲ್ಲಿ ಸೈರನ್ ದಿನಾ ಹನ್ನೆರಡಕ್ಕೆ ಊಟದ ಹೊತ್ತಾಯಿತೆಂದು ಕೂಗುತ್ತಿತ್ತು. ಅಂದು ಇಳಿಮಧ್ಯಾಹ್ನ ಕೂಗಿತು, ನಿಲ್ಲಲೇ ಇಲ್ಲ.

ಪೆಟ್ರೋಲ್ ಬಂಕಿನ ರಾನ್ ತನ್ನ ಟ್ರಕ್ಕಿನಲ್ಲಿ ಬಂದ. ಏರಿ ಬಿರಿಯುತ್ತಿದೆ, ಎಲ್ಲರೂ ದಿಬ್ಬದ ಮೇಲಿನ ಚರ್ಚಿಗೆ ಹೋಗಬೇಕು ಎಂದ. ಅವ್ವ ನಮ್ಮಿಬ್ಬರನ್ನೂ ಟ್ರಕ್ಕಿಗೆ ಹತ್ತಿಸಿ ತಾನೂ ಹತ್ತಿದಳು. ಗಂಡ ಆ ಕಡೆ ಇದ್ದಾನೆ ಎಂದು ರಾನ್‌ಗೆ ಮತ್ತೆ ಮತ್ತೆ ಹೇಳಿದಳು. ಅವನು ಮುಖ ಆಚೆ ತಿರುಗಿಸಿ ತಲೆಯಾಡಿಸಿದ. ಆಮೇಲೆ ವಿಲ್ಮಾಳ ಮನೆಗೆ ಹೋಗಿ ಒಬ್ಬನೇ ಹಿಂದಿರುಗಿದ. "ಬರೋದಿಲ್ಲ ಅಂತಾಳೆ. ಎತ್ತಿಕೊಂಡು ಬರೋಕಾಗತ್ತಾ? ಮುಂದೆ ಇನ್ನೂ ಮನೆಗಳಿವೆ" ಎಂದ. ಅವ್ವ ಟ್ರಕ್ಕಿನಿಂದ ಇಳಿದಳು. ಬಸುವನ್ನು ಎಳೆದುಕೊಂಡು ಅವಳ ಹಿಂದೆಯೇ ಓಡಿದೆ.

ವಿಲ್ಮಾ ಅಡುಗೆಮನೆಯ ಮೇಜಿನ ಮುಂದೆ ಆಲೂಗಡ್ಡೆ ಸುಲಿಯುತ್ತಿದ್ದಳು. ಅವ್ವ ಎದುರಿನ ಕುರ್ಚಿ ಎಳೆದು ಕೂತಳು. ಭಯಕ್ಕೆ ಅವಳ ಇಂಗ್ಲಿಷೆಲ್ಲ ಹಾರಿಹೋಗಿತ್ತು. "ನೀವು ಬರದಿದ್ರ ನಾನೂ ಹೋಗಂಗಿಲ್ಲ" ಎಂದಳು, ಕನ್ನಡದಲ್ಲೇ. ವಿಲ್ಮಾ ನನ್ನ ಕಡೆ ನೋಡಿದಳು. ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ.

"ಇದು ನಮ್ಮಜ್ಜ ಕಟ್ಟಿದ ಮನೆ ಅಂತ ನಿಮ್ಮಮ್ಮನಿಗೆ ಹೇಳು" ಎಂದಳು ವಿಲ್ಮಾ.

"ಹೇಳು, ಬಾಜೂಕಿನ ಮನಿ ನಂದು. ಒಬ್ಬಾಕಿನ ಇಲ್ಲಿ ಬಿಟ್ಟು ಹೋದ್ರ ನನಗ ನಿದ್ದಿ ಹತ್ತಂಗಿಲ್ಲ."

ಹೊರಗೆ ರಾನ್ ಹಾರ್ನ್ ಒತ್ತುತ್ತಲೇ ಇದ್ದ. ಬಾಗಿಲ ಕೆಳಗಿನ ಸಂದಿಯಿಂದ ಕಂದು ನೀರು ಸಣ್ಣ ನಾಲಗೆಯಂತೆ ಒಳಗೆ ಬಂತು, ಬಸುವಿನ ಬೂಟನ್ನು ಮುಟ್ಟಿತು. ಅವನು ಅಳಲಿಲ್ಲ, ಕಾಲು ಎತ್ತಿ ನಿಂತ. ವಿಲ್ಮಾ ಅವನ ಕಾಲನ್ನೇ ನೋಡಿದಳು. ಚಾಕು ಕೆಳಗಿಟ್ಟಳು, ಕೋಟು ಹಾಕಿಕೊಂಡಳು. ಹೊರಗೆ ಬಂದ ಮೇಲೆ ಬಾಗಿಲಿಗೆ ಕೀಲಿ ಹಾಕಿ, ಒಮ್ಮೆ ಜಗ್ಗಿ ನೋಡಿದಳು. ಹೊಸ್ತಿಲ ಮೇಲೆ ಆಗಲೇ ನೀರಿತ್ತು.

ಚರ್ಚಿನ ಕಿಟಕಿಯಿಂದ ನಾವು ಕೆಳಬೀದಿ ಮುಳುಗುವುದನ್ನು ಕಂಡೆವು. ಅವ್ವ ಮಾತ್ರ ಕೆಳಗೆ ನೋಡದೆ ನದಿಯಾಚೆಯನ್ನೇ ನೋಡುತ್ತಿದ್ದಳು, ವಿಲ್ಮಾ ಅವಳ ಕೈ ಹಿಡಿದುಕೊಂಡಿದ್ದಳು. ಮರುದಿನ ದೋಣಿಯಲ್ಲಿ ಅಪ್ಪನನ್ನು ಕರೆತಂದರು. ಮೈಯೆಲ್ಲ ಕೆಸರು, ದನಿ ಬಿದ್ದುಹೋಗಿತ್ತು. ಅವ್ವ ಹತ್ತಿರ ಹೋಗಿ ಅವರ ಮುಖ ಒರೆಸಿದಳು. "ಅಗಳಿ ತಗದು ಹೊಡದೆ. ಅರ್ಧಕ್ಕರ್ಧ ದನಾ ಹೊರಗ ಬರ್ಲೇ ಇಲ್ಲ. ತಮ್ಮ ತಮ್ಮ ಜಾಗದಾಗ ನಿಂತ ಬಿಟ್ಟುವು" ಎಂದರು.

ನೀರು ಇಳಿದ ಮೇಲೆ ಸರ್ಕಾರ ಕೆಳಬೀದಿಯ ಜಾಗವನ್ನೆಲ್ಲ ಕೊಂಡು, ಇನ್ನು ಅಲ್ಲಿ ಮನೆ ಕಟ್ಟಕೂಡದೆಂದಿತು. ಕಾರ್ಖಾನೆಯ ಕುಟುಂಬಗಳು ಬೇರೆ ಊರು ಹುಡುಕಿಕೊಂಡವು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು, ನಾವೂ ದೊಡ್ಡ ಊರಿಗೆ ಹೋದೆವು. ಚರ್ಚಿನವರು ದಿಬ್ಬದ ಮೇಲೆ ಕೊಟ್ಟ ಮನೆಯಲ್ಲಿ ವಿಲ್ಮಾ ಹೆಚ್ಚು ದಿನ ಬಾಳಲಿಲ್ಲ. ಅಪ್ಪ ತೀರಿಕೊಂಡರು, ಅವ್ವ ಬಸುವಿನೊಂದಿಗೆ ಧಾರವಾಡಕ್ಕೆ ಮರಳಿದಳು, ನಾನು ಓದಲೆಂದು ಈ ದೇಶಕ್ಕೆ ಬಂದು ಇಲ್ಲೇ ಉಳಿದೆ. ಉಳಿದಿದ್ದ ಬೆರಳೆಣಿಕೆಯ ಮಂದಿ ಮತ ಹಾಕಿ ಆ ಊರನ್ನೇ ರದ್ದು ಮಾಡಿದರಂತೆ. ಈಗ ಅದು ಸರ್ಕಾರದ ಲೆಕ್ಕದಲ್ಲಿ ಊರಲ್ಲ.

ಸೈರನ್ ಕೇಳಿದ ಆ ವಾರವೇ ಅವ್ವ, "ವಿಲ್ಮಾನ ಅಜ್ಜನ ಊರು ಇಲ್ಲೇ ಎಲ್ಲೋ ಐತಲ್ಲಾ, ಕರಕೊಂಡು ಹೋಗು" ಎಂದಳು. ಫ್ರೀಸ್‌ಲಂಡ್‌ನ ಲೇವಾರ್ಡನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ವಿಲ್ಮಾ ಹೇಳುತ್ತಿದ್ದ ಆ ಹಳ್ಳಿಯಲ್ಲಿ ಅವಳ ಮನೆತನದವರು ಯಾರೂ ಉಳಿದಿರಲಿಲ್ಲ. ಚರ್ಚಿನ ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಮುದುಕಿಯೊಬ್ಬಳು ಯಾರನ್ನು ಹುಡುಕುತ್ತಿದ್ದೀರೆಂದು ಕೇಳಿದಳು. ಅವ್ವ ವಿಲ್ಮಾಳ ಹೆಸರಿನ ಜೊತೆ ಅಯೋವಾದ ನಮ್ಮ ಊರಿನ ಹೆಸರು ಹೇಳಿದಳು. ಮುದುಕಿ ಆ ಎರಡೂ ಹೆಸರನ್ನು ಕೇಳಿರಲಿಲ್ಲ.

ಆಗ ಅವ್ವ ಅಲ್ಲಿದ್ದ ಬೆಂಚಿನ ಮೇಲೆ ಕೂತು, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಶುರುಮಾಡಿದಳು. ಗಾಳಿಯಲ್ಲಿ ಬೆರಳಾಡಿಸಿ, ಇಲ್ಲಿ ರೈಲು ಹಳಿ, ಇಲ್ಲಿ ಗೋಪುರ, ಈ ಕಡೆ ನದಿ ಎಂದು ತೋರಿಸಿದಳು. ಆಮೇಲೆ ಕೆಳಬೀದಿಗೆ ಇಳಿದು, ಒಂದೊಂದು ಮನೆಯ ಮುಂದೂ ನಿಂತು, ಒಳಗಿದ್ದವರ ಹೆಸರು ಹೇಳುತ್ತಾ ಹೋದಳು. ನಾನು ಮರೆತೇಬಿಟ್ಟಿದ್ದ ಮಕ್ಕಳ ಹೆಸರುಗಳು, ನಾಯಿಯ ಹೆಸರು, ಯಾರ ಮನೆಯಲ್ಲಿ ಯಾರಿಗೆ ಹೆರಿಗೆಯಾಗಿತ್ತು ಎಂಬುದು. ಮುದುಕಿ ನೀರಿನ ಕ್ಯಾನು ಕೆಳಗಿಟ್ಟು ಪಕ್ಕದಲ್ಲಿ ಕೂತು, ಎಲ್ಲ ತಿಳಿದವಳಂತೆ ತಲೆದೂಗುತ್ತಿದ್ದಳು. ಕೊನೆಯ ಎರಡು ಮನೆ, ವಿಲ್ಮಾಳದು ಮತ್ತು ನಮ್ಮದು, ಹೇಳುವಾಗ ಅವ್ವನ ದನಿ ಸಣ್ಣಗಾಯಿತು. ಬೆರಳು ಮಡಚಿ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

"ಇಷ್ಟು ಮಂದಿ ಇದ್ವಿ ನಾವು" ಎಂದಳು.